ಮುಳುಗಡೆ ಊರಿನ ಸದಸ್ಯತ್ವ

ನಮ್ಮನ್ನೂ ಸೇರಿಸಿಕೊಳ್ಳಿ ಎಂದು ತಾನಾಗಿಯೇ ಕೇಳಿಕೊಂಡು ಬಂದ ಮೊದಲ ಊರು ಅದು. ಅಲ್ಲಿಯವರೆಗೆ ಒಕ್ಕೂಟಕ್ಕೆ ಸೇರಿದ ಊರುಗಳಿಗೆಲ್ಲ ನಾವೇ ಹೋಗಿ, ಕಟ್ಟೆಯ ಮೇಲೆ ಕೂತು, ಚಾ ಕುಡಿದು, ಕೈ ಹಿಡಿದು ಕರೆತಂದಿದ್ದೆವು. ಹೀಗಾಗಿ ಒಂದು ಊರು ತಾನೇ ಬಂದು ಕೇಳಿದರೆ ಏನು ಮಾಡಬೇಕೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನಾಗ ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ, ಈಗಲೂ ಅಲ್ಲೇ ಇದ್ದೇನೆ. ತವರು ಹೂವಿನ ಹಿಪ್ಪರಗಿ. ಒಕ್ಕೂಟದ ಬೈಲಾ ಬರೆದುಕೊಟ್ಟವಳು ನಾನೇ ಆದ್ದರಿಂದ ಕಾರ್ಯದರ್ಶಿಯ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಲುವೆ ಬಂದರೂ ನೀರು ಬಾರದ ಊರುಗಳು ಸೇರಿ ಕಟ್ಟಿಕೊಂಡ ಒಕ್ಕೂಟ ನಮ್ಮದು. ಮೇಲಿನವರು ತಮ್ಮ ಕಬ್ಬಿಗೆ ಎತ್ತಿಕೊಂಡು ಬಿಟ್ಟದ್ದಷ್ಟೇ ಕಾಲುವೆಯ ಬಾಲದಲ್ಲಿರುವ ನಮಗೆ. ಒಂದೊಂದೇ ಊರು ನೀರಾವರಿ ಕಚೇರಿಗೆ ಹೋಗುತ್ತಿದ್ದ ಕಾಲದಲ್ಲಿ ಕೂತುಕೊಳ್ಳಿ ಎನ್ನುವವರೂ ಇರಲಿಲ್ಲ. ಒಟ್ಟಾದ ಮೇಲೆ ಕುರ್ಚಿ ಹಾಕಿದರು. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ನಮ್ಮ ಸಭೆಗೆ ಹಾರ ಹಿಡಿದು ಬಂದರು. ಕೊನೆಗೆ ಎಂಜಿನಿಯರರು, ಯಾವ ಊರಿಗೆ ಯಾವಾಗ ನೀರು ಎಂಬ ಸರದಿಯನ್ನು ನೀವೇ ಕೂತು ಗೊತ್ತು ಮಾಡಿ, ಅದರ ಪ್ರಕಾರ ನಾವು ಗೇಟು ತೆಗೆಯುತ್ತೇವೆ ಎಂದರು. ಆ ದಿನ ನಾವು ಪೇಢೆ ಹಂಚಿದ್ದೆವು.

ಆ ಪೇಢೆಯಿಂದ ಯಾರ ಗೇಟು ಮುಚ್ಚಿತು ಎಂದು ತಿಳಿದದ್ದು ಆ ಊರಿನವರು ಬಂದಾಗಲೇ.

ಮುದ್ದೇಬಿಹಾಳ ತಾಲ್ಲೂಕಿನ ಗಡಿಗೆ ಹತ್ತಿ, ಬಾಗೇವಾಡಿಯ ಕಡೆಗಿರುವ ಒಂದು ಪುನರ್ವಸತಿ ಕೇಂದ್ರ ಅದು. ನಮ್ಮ ಕಡೆ ಇಂಥ ಊರುಗಳಿಗೆ ಆರ್‌ಸಿ ಎನ್ನುತ್ತಾರೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ಸರಕಾರ ಇಲ್ಲಿ ನಿವೇಶನ ಕೊಟ್ಟು ಕೂರಿಸಿತ್ತು. ಸ್ವಲ್ಪ ಜಮೀನು ಸರಕಾರದಿಂದ ಸಿಕ್ಕಿದ್ದು, ಇನ್ನಷ್ಟು ಅವರೇ ಪರಿಹಾರದ ದುಡ್ಡಿನಲ್ಲಿ ಕೊಂಡದ್ದು. ಒಂದು ತಲೆಮಾರು ಇಲ್ಲೇ ಹುಟ್ಟಿ ಬೆಳೆದಿತ್ತು. ಆದರೂ ಸುತ್ತಲಿನವರ ಬಾಯಲ್ಲಿ ಅವರು ಇನ್ನೂ ‘ಮುಳುಗಡೆಯವರು’.

ಅವರ ಪರವಾಗಿ ಮಾತಾಡಲು ಬಂದವರು ಆ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಒಬ್ಬ ನಡುವಯಸ್ಸಿನವರು. ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದವರು, ಮಾತಿನಲ್ಲಿ ಗಟ್ಟಿಗರು. ಕೋರ್ಟಿನ ಆವರಣದ ಚಾ ಅಂಗಡಿಯಲ್ಲಿ ಎದುರಿಗೆ ಕೂತು ಹೇಳಿದರು:

“ಅಕ್ಕಾರ, ಮೊದಲ ಗೇಟಿನ ಮನಿಷ್ಯಾನ್ನ ಕೇಳಿದ್ರ, ಪಾಪ ಅಂತ ಒಂದೀಟು ಬಿಡ್ತಿದ್ದ. ಈಗ ನಿಮ್ಮ ಪಟ್ಟಿ ತೋರಸ್ತಾನ್ರಿ. ಇದ್ರಾಗ ನಿಮ್ಮ ಊರಿಲ್ಲ, ನಾ ಏನ್ ಮಾಡ್ಲಿ ಅಂತಾನ. ಕಾಲುವಿ ನಮ್ಮ ಹೊಲದ ಬದುವಿಗೇ ಹತ್ತಿ ಹೋಗೈತಿ. ನೀರು ಹೋಗೂದನ್ನ ನೋಡಾಕ ನಮಗ ಪರವಾನಗಿ ಐತಿ, ಮುಟ್ಟಾಕ ಇಲ್ಲ.”

“ನೀವೂ ಸದಸ್ಯರಾಗ್ರಿ ಅಣ್ಣಾರ. ಅದಕ್ಕೇನು?” ಎಂದೆ.

“ಅದನ್ನ ಕೇಳಾಕ ಬಂದೀನ್ರಿ.”

ಎರಡು ತಿಂಗಳ ಕೆಲಸ ಎಂದು ನಾನು ಅಂದುಕೊಂಡೆ.

ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ತಾಲ್ಲೂಕಿಗೊಬ್ಬರು ಮುಖಂಡರಿದ್ದರು. ಇಂಡಿ ಕಡೆಯಿಂದ ಲಚ್ಯಾಣದ ಹತ್ತಿರದ ಲಿಂಬೆ ತೋಟದ ಹಿರಿಯರು, ಅವರೇ ಒಕ್ಕೂಟದ ಅಧ್ಯಕ್ಷರು. ಯಾರ ಮನಸ್ಸನ್ನೂ ನೋಯಿಸಬಾರದೆಂಬುದು ಅವರ ಸ್ವಭಾವ. ಸಿಂದಗಿ ಕಡೆಯಿಂದ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರು. ಮುದ್ದೇಬಿಹಾಳ ಕಡೆಯಿಂದ ಒಬ್ಬ ಗೌಡರು, ಊರಲ್ಲೂ ರಾಜಕೀಯದಲ್ಲೂ ತೂಕವಿದ್ದವರು. ನಮ್ಮ ಬಾಗೇವಾಡಿ ಕಡೆಯಿಂದ ಗೊಬ್ಬರದ ಅಂಗಡಿಯ ಮಾಲೀಕರು. ಮೊದಲ ಸಭೆ ಸಿಂದಗಿಯ ಒಂದು ಕಲ್ಯಾಣ ಮಂಟಪದ ಊಟದ ಕೋಣೆಯಲ್ಲಿ ಕೂಡಿತು.

ಅರ್ಜಿಯನ್ನು ನಾನು ಓದಿದ ಕೂಡಲೇ ಪ್ರಾಧ್ಯಾಪಕರ ಮುಖ ಅರಳಿತು. ಇಷ್ಟು ವರ್ಷ ಅವರು ಹಲಗೆಯ ಮೇಲೆ ಬರೆದು ಕಲಿಸಿದ ವಿಷಯ ಈಗ ಕಣ್ಣೆದುರು ಬಂದಿತ್ತು.

“ನೋಡ್ರಿ, ಯುರೋಪಿನ್ಯಾಗ ದೇಶಗಳದೊಂದು ಒಕ್ಕೂಟ ಐತಿ. ಅಲ್ಲಿ ಹೊಸ ದೇಶ ಸೇರಬೇಕಂದ್ರ ಸುಮ್ಮ ಸೇರಿಸ್ಕೊಳ್ಳಂಗಿಲ್ಲ. ಮೊದಲ ಅದಕ್ಕ ಅಭ್ಯರ್ಥಿ ಅಂತ ಹೆಸರಿಡ್ತಾರ. ಆಮ್ಯಾಲ ಒಂದೊಂದ ಅಧ್ಯಾಯ ತಗೀತಾರ. ಕಾನೂನು, ವ್ಯಾಪಾರ, ನ್ಯಾಯ, ಎಲ್ಲಾದ್ರಾಗೂ ಪಾಸಾಗಬೇಕು. ಕಡೀಕ ಎಲ್ಲಾ ಸದಸ್ಯರೂ ಹೂಂ ಅನಬೇಕು. ಒಬ್ರು ಒಲ್ಲೆ ಅಂದ್ರೂ ಮುಗೀತು.”

“ಭಾಳ ಚೊಲೋ ಐತಲ್ರಿ,” ಎಂದರು ಗೌಡರು. ಒಕ್ಕೂಟದ ಸಭೆಯಲ್ಲಿ ಅವರು ಪ್ರಾಧ್ಯಾಪಕರ ಮಾತನ್ನು ಮೆಚ್ಚಿದ್ದು ನಾನು ಕಂಡಂತೆ ಅದೇ ಮೊದಲು. “ಹಂಗೇ ಮಾಡೂಣು. ಆ ಊರಿಗೆ ಅಭ್ಯರ್ಥಿ ಅಂತ ಬರೀರಿ.”

ಠರಾವು ಬರೆದೆ. ಅಭ್ಯರ್ಥಿ ಊರು ಪೂರೈಸಬೇಕಾದ ಷರತ್ತುಗಳನ್ನು ಸಮಿತಿ ಕಾಲಕಾಲಕ್ಕೆ ನಿಗದಿಪಡಿಸುವುದು, ಅಂತಿಮ ಸೇರ್ಪಡೆಗೆ ನಾಲ್ಕೂ ತಾಲ್ಲೂಕುಗಳ ಒಪ್ಪಿಗೆ ಬೇಕು ಎಂದು. ‘ಕಾಲಕಾಲಕ್ಕೆ’ ಎಂಬ ಮಾತು ಗೌಡರು ಸೇರಿಸಿದ್ದು. ಕೋರ್ಟಿನಲ್ಲಿ ದಿನವೂ ನೋಡುವ ಶಬ್ದ. ಅದು ಎಷ್ಟು ಉದ್ದ ಎಳೆಯಬಲ್ಲದು ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಷರತ್ತು ಪಂಪಿನದು. ಕಾಲುವೆಗೆ ಪೈಪು ಬಿಟ್ಟು ಕದ್ದು ನೀರೆತ್ತುವ ಪಂಪುಗಳನ್ನೆಲ್ಲ ಆ ಊರಿನವರು ಮೊದಲು ತೆಗೆಯಬೇಕು ಎಂದರು ಗೌಡರು. ನ್ಯಾಯದ ಮಾತೇ. ಆದರೆ ಸದಸ್ಯ ಊರುಗಳಲ್ಲಿಯೂ ಅಂಥ ಪಂಪುಗಳಿದ್ದವು. ನಾನು ಅದನ್ನು ಎತ್ತಿದಾಗ, “ತಂಗಿ, ಮನಿಯವರದು ಬ್ಯಾರೆ, ಮನಿಗೆ ಬರೋರದು ಬ್ಯಾರೆ,” ಎಂದು ನಕ್ಕರು. ಉಳಿದವರೂ ನಕ್ಕರು.

ಆ ಊರಿನಲ್ಲಿ ಪಂಪುಗಳು ಬಹಳ ಇರಲಿಲ್ಲ. ಗಿರಣಿಯವರು ತಮ್ಮ ತಮ್ಮನ ಪಂಪನ್ನೇ ಮೊದಲು ಎತ್ತಿಸಿದರು. ಅಣ್ಣ ತಮ್ಮಂದಿರ ನಡುವೆ ಆ ದಿನದಿಂದ ಮಾತು ನಿಂತಿತು. ಪರಿಶೀಲನೆಗೆ ಕಾಲುವೆಯ ದಂಡೆಗುಂಟ ನಾನೂ ಗೊಬ್ಬರದಂಗಡಿಯವರೂ ನಡೆದು ಹೋದೆವು. ಪೈಪು ಕಿತ್ತ ಕಡೆ ಮಣ್ಣು ತುಂಬಿ ಒಟ್ಟಿದ್ದರು. ಒಂದು ಹೊಲದಲ್ಲಿ ಉಳ್ಳಾಗಡ್ಡಿ ಬಾಡಿ ಮಲಗಿತ್ತು. ಅದರ ಒಡತಿ ಬದುವಿನ ಮೇಲೆ ಕೂತಿದ್ದಳು, ನಮ್ಮನ್ನು ನೋಡಿ ಎದ್ದು ನಿಲ್ಲಲಿಲ್ಲ. “ಬರಕೊಂಡ್ರೇನ್ರಿ? ಪೂರಾ ಬರಕೊಳ್ರಿ,” ಎಂದಳು ಅಷ್ಟೇ.

ಪೂರ್ತಿ ಬರೆದುಕೊಂಡು ಬಂದು ಸಮಿತಿಗೆ ಒಪ್ಪಿಸಿದೆ.

ಎರಡನೆಯ ಷರತ್ತು ಪ್ರಾಧ್ಯಾಪಕರದು. ಆ ಊರಿನ ರೈತರು ಪಕ್ಕದ ಊರಿನ ನೀರು ಬಳಕೆದಾರರ ಸಂಘದಲ್ಲಿ ಹೆಸರು ಹಚ್ಚಿದ್ದರು. ಸ್ವಂತ ಸಂಘ ಇಲ್ಲದ ಊರು ಸದಸ್ಯ ಆಗುವುದು ಹೇಗೆ ಎಂದು ಅವರು ಕೇಳಿದರು. ಅವರಿಗೆ ಯಾವ ದ್ವೇಷವೂ ಇರಲಿಲ್ಲ, ನಿಯಮ ನಿಯಮದಂತೆ ಇರಬೇಕೆಂಬ ಹಟ ಮಾತ್ರ. ಹೊಸ ಸಂಘದ ನೋಂದಣಿಗೆ ಸಹಕಾರ ಇಲಾಖೆಗೆ ಓಡಾಡಿದೆವು. ಪಹಣಿ ತೆಗೆಸಿದರೆ ಅರ್ಧದಷ್ಟು ಜಮೀನು ಇನ್ನೂ ತೀರಿಕೊಂಡವರ ಹೆಸರಿನಲ್ಲಿತ್ತು, ವಾರಸಾ ಆಗಿ ಮಕ್ಕಳ ಹೆಸರಿಗೆ ಬಂದಿರಲಿಲ್ಲ. ನಾನು ಕೂತು ವಂಶವೃಕ್ಷಗಳನ್ನು ಬರೆಸಿದೆ. ಒಬ್ಬ ಮುದುಕ ತನ್ನ ಹಳೆಯ ಊರಿನ ಸರ್ವೆ ನಂಬರುಗಳನ್ನು ಹೇಳತೊಡಗಿದ. ಅಜ್ಜಾ, ಅವು ನೀರಿನ ಕೆಳಗೆ ಹೋಗ್ಯಾವ, ಈಗಿನವು ಹೇಳು ಎಂದರೆ, “ಈಗಿನವು ನನಗ ಬಾಯಿಗೆ ಬರಂಗಿಲ್ಲವ್ವಾ,” ಎಂದ.

ಮಳೆಗಾಲ ಹೋಗಿ ತೊಗರಿ ಹೂಬಿಡುವ ಹೊತ್ತಿಗೆ ನೋಂದಣಿ ಪತ್ರ ಬಂತು. ಗಿರಣಿಯವರು ಅದರ ಜೆರಾಕ್ಸ್ ಪ್ರತಿಗಳನ್ನು ಮಾಡಿಸಿ ನಾಲ್ವರು ಮುಖಂಡರಿಗೂ ತಾವೇ ಮುಟ್ಟಿಸಿದರು.

ಮುಂದಿನ ಸಭೆಯಲ್ಲಿ ಗೌಡರು ಮೂರನೆಯದನ್ನು ತೆಗೆದರು. ಈ ಊರನ್ನು ತೆಗೆದುಕೊಂಡರೆ ಕೆಳಗಿನ ಊರುಗಳಿಗೆ ನೀರು ಕಡಿಮೆಯಾಗುತ್ತದೋ ಇಲ್ಲವೋ, ಅಳೆಸಬೇಕು. ಒಕ್ಕೂಟಕ್ಕೆ ತಾಳಿಕೊಳ್ಳುವ ಶಕ್ತಿ ಇದೆಯೇ ನೋಡಬೇಕು.

“ಯುರೋಪಿನ್ಯಾಗೂ ಇದೇ ವಾದ ನಡೀತೈತಿ,” ಎಂದರು ಪ್ರಾಧ್ಯಾಪಕರು ತಲೆ ಅಲ್ಲಾಡಿಸುತ್ತ.

ಸಹಾಯಕ ಎಂಜಿನಿಯರರನ್ನು ಕಾಡಿ ಬೇಡಿ ಕರೆತಂದೆ. ಆ ಊರಿನ ಉಪಕಾಲುವೆಯ ಮೇಲುಗಡೆ ಮತ್ತು ಕೆಳಗಡೆ ಅಳತೆಪಟ್ಟಿ ನಿಲ್ಲಿಸಿ, ಗೇಟು ಮುಚ್ಚಿ ಒಮ್ಮೆ, ತೆಗೆದು ಒಮ್ಮೆ ನೀರಿನ ಮಟ್ಟ ನೋಡಿದರು. ಕೆಳಗಿನ ಊರುಗಳಿಗೆ ಮುಟ್ಟುವ ನೀರು ಎರಡೂ ಸಲ ಅಷ್ಟೇ ಇತ್ತು. ಆಮೇಲೆ ತಮ್ಮ ನಕ್ಷೆ ಬಿಡಿಸಿ ತೋರಿಸಿದರು. ಕಾಲುವೆ ತೋಡುವಾಗಲೇ ಆ ಜಮೀನುಗಳು ಅಚ್ಚುಕಟ್ಟಿನ ಲೆಕ್ಕದಲ್ಲಿದ್ದವು. ಅವರ ಪಾಲು ಮೊದಲಿನಿಂದಲೂ ಕಾಲುವೆಯಲ್ಲಿ ಹರಿಯುತ್ತಿತ್ತು, ಅದನ್ನು ಕೆಳಗಿನವರಿಗೆ ಸಿಗುವ ಮುನ್ನವೇ ಮತ್ತಾರೋ ಎತ್ತುತ್ತಿದ್ದರು. ಯಾರು ಎಂದು ಎಂಜಿನಿಯರರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಲ್ಲಿಂದ ನೋಡಿದರೆ ಗೌಡರ ಕಡೆಯ ಊರುಗಳ ಕಬ್ಬು ಹಸಿರಾಗಿ ಕಾಣುತ್ತಿತ್ತು.

ಇಷ್ಟಾದ ಮೇಲೆ ಇನ್ನೇನು ಎಂದು ನಾನು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕಂಡೆ. ಸಭೆಯಲ್ಲಿ ಬಿಗಿಯುವವರು ಹೊರಗೆ ಸಡಿಲವಾಗಿ ಮಾತಾಡುತ್ತಾರೆ, ಇದು ವಕೀಲಿಯಲ್ಲಿ ಕಲಿತದ್ದು. ಅಧ್ಯಕ್ಷರು ಲಿಂಬೆಯ ಗಿಡದ ನೆರಳಿನಲ್ಲಿ ಹೊರಸು ಹಾಕಿಸಿ, ಶರಬತ್ತು ಕೊಟ್ಟು ಹೇಳಿದರು: “ನಂದೇನೂ ತಕರಾರಿಲ್ಲ ಯವ್ವಾ. ಮುದ್ದೇಬಿಹಾಳದವ್ರು ಹೂಂ ಅಂದ್ರ ಸಾಕು.” ಪ್ರಾಧ್ಯಾಪಕರನ್ನು ಕನ್ನೊಳ್ಳಿಯಲ್ಲಿ ಒಂದು ಮದುವೆಯ ಊಟದ ನಂತರ ಹಿಡಿದೆ. “ತಾತ್ತ್ವಿಕವಾಗಿ ನಾನು ಅವರ ಪರವಾಗಿಯೇ ಅದೀನಿ. ಆದ್ರ ಒಮ್ಮತ ಬೇಕಲ್ಲ,” ಎಂದರು. ನಮ್ಮ ಗೊಬ್ಬರದಂಗಡಿಯವರಂತೂ ಮೊದಲಿನಿಂದ ಜೋರಾಗಿ ಆ ಊರಿನ ಪರ. ಅದರ ಕಾರಣ ಅವರ ಅಂಗಡಿಯಲ್ಲಿ ಕೂತಾಗ ಗೊತ್ತಾಯಿತು.

“ಲೆಕ್ಕಾ ನೋಡ್ರಿ ವಕೀಲ್ರ. ಆ ಊರು ಬಂದ್ರ ನಮ್ಮ ಕಡೀ ಊರು ಹೆಚ್ಚಾಗ್ತಾವ. ಮುಂದಿನ ಅಧ್ಯಕ್ಷ ನಮ್ಮ ತಾಲ್ಲೂಕಿನವ್ನೇ. ಅದಕ್ಕ ಗೌಡ ಒದ್ದಾಡಾಕತ್ತಾನ.”

“ಅವ್ರಿಗೆ ನೀರು ಸಿಗ್ಲಿ ಅಂತ ಅಲ್ಲೇನ್ರಿ?”

“ಅದೂ ಸಿಗ್ತೈತಿ ಬಿಡ್ರಿ,” ಎಂದು ಅವರು ಗಿರಾಕಿಯ ಕಡೆ ತಿರುಗಿದರು.

ಬೇಡವೆನ್ನುವವರಿಗೂ ಬೇಕೆನ್ನುವವರಿಗೂ ಆ ಊರು ಒಂದು ಮತವಾಗಿತ್ತು.

ಗೌಡರ ಮನೆಗೆ ಕೊನೆಯಲ್ಲಿ ಹೋದೆ. ಅವರು ಒರಟರಲ್ಲ. ಹೆಂಡತಿಯನ್ನು ಕರೆದು ನನಗೆ ಊಟಕ್ಕೆ ಬಡಿಸಿದರು, ರೊಟ್ಟಿಯ ಮೇಲೆ ಬೆಣ್ಣೆಯನ್ನು ತಾವೇ ಇಟ್ಟರು. ಊಟವಾದ ಮೇಲೆ ನೇರ ಮಾತಿಗೆ ಬಂದರು.

“ತಂಗಿ, ಇವತ್ತ ಈ ಒಂದು ಆರ್‌ಸಿ ತಗೊಂಡ್ರ ನಾಳೆ ಎಲ್ಲಾ ಆರ್‌ಸಿ ಬಂದು ನಿಲ್ತಾವ. ಅವ್ರು ಪರಿಹಾರ ತಗೊಂಡಾರ, ಮನಿ ತಗೊಂಡಾರ. ನಮಗ ಯಾರು ಏನ್ ಕೊಟ್ರು? ಈ ನೆಲದಾಗ ನಾವು ಹತ್ತು ತಲಿ ಹಿಂದಿನಿಂದ ಅದೀವಿ.”

“ಅವ್ರ ನೆಲಾ ಮುಳುಗಿದ್ದಕ್ಕ ನಮ್ಮ ಕಾಲುವಿಗೆ ನೀರು ಬಂತಲ್ರಿ ಗೌಡ್ರ.”

“ಅದು ಖರೇ,” ಎಂದರು. “ಖರೇ ಅಂತ ನಾನೂ ಬಲ್ಲೆ. ಹಂಗಂತ ನನ್ನ ಊರಾಗ ನಿಂತು ಹೇಳಿದ್ರ ನನ್ನ ಯಾರು ಕೇಳ್ತಾರ? ಒಂದು ಮಾತು ಹೇಳ್ತೀನಿ ಕೇಳು. ಧರಣಿ ಬರಾಕತ್ತೈತಿ. ಅವ್ರು ನಮ್ಮ ಜೋಡಿ ಬಂದು ಕುಂಡ್ರಲಿ. ನಮ್ಮ ಮಂದಿ ಕಣ್ಣಿಗೆ ಬೀಳ್ತಾರ. ಆಮ್ಯಾಲ ನೋಡೂಣು.”

ಬೇಸಿಗೆ ಹತ್ತಿರವಾಗುತ್ತಿತ್ತು. ಹಿಂಗಾರಿ ಬೆಳೆಗೆ ಕೊನೆಯ ನೀರು ಬಿಡುವುದಿಲ್ಲವೆಂದು ಇಲಾಖೆ ಹೇಳಿದ್ದರಿಂದ ಒಕ್ಕೂಟವು ನೀರಾವರಿ ಕಚೇರಿಯ ಮುಂದೆ ಧರಣಿ ಕೂರಲು ನಿರ್ಧರಿಸಿತ್ತು. ಗೌಡರ ಮಾತನ್ನು ನಾನು ಗಿರಣಿಯವರಿಗೆ ಮುಟ್ಟಿಸಿದೆ. ಅವರು ಗಿರಣಿಯ ಪಟ್ಟಾ ಬಿಗಿಯುತ್ತ ಕೇಳಿಸಿಕೊಂಡರು.

“ಧರಣಿಗೆ ಬಂದ್ರ ತಗೋತಾರಂತೇನ್ರಿ?”

“ಆಮ್ಯಾಲ ನೋಡೂಣು ಅಂದಾರ.”

“ಬರ್ತೀವ್ರಿ. ಧರಣಿ ನಮಗೇನು ಹೊಸಾದೇನ್ರಿ? ಹುಟ್ಟಿದಾಗಿಂದ ಕುಂತೀವಿ.”

ಟ್ರ್ಯಾಕ್ಟರುಗಳಲ್ಲಿ ಇಡೀ ಊರೇ ಬಂತು. ಮುದುಕಿಯರು ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಅವರನ್ನೇ ಕೂರಿಸಬೇಕೆಂದು ಗೌಡರು ಕಾಳಜಿಯಿಂದ ನೋಡಿಕೊಂಡರು. ‘ಮುಳುಗಡೆ ಸಂತ್ರಸ್ತರು’ ಎಂಬ ಬ್ಯಾನರನ್ನು ಗೌಡರೇ ಬರೆಸಿ ತಂದಿದ್ದರು. ಟಿವಿಯವರು ಬಂದಾಗ ಕ್ಯಾಮೆರಾ ನೇರವಾಗಿ ಆ ಸಾಲಿಗೇ ಹೋಯಿತು. ಒಬ್ಬ ಅಜ್ಜಿಯ ಮುಂದೆ ಮೈಕು ಹಿಡಿದರು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು:

“ನಮ್ಮ ಮನೀ ಹೊಸ್ತಲದ ಮ್ಯಾಲ ಈಗ ಮೀನ ಅಡ್ಡಾಡ್ತಾವ. ಹೋಗ್ಲಿ. ನಾವು ಬಿಟ್ಟ ನೀರು ಅದು, ಈ ಮಂದಿ ಹೊಲಕ್ಕರ ಹೋಗಿ ಮುಟ್ಟಲಿ. ಇವ್ರದೂ ಒಣಗಿದ್ರ ನಾವ್ಯಾಕ ಮುಳುಗಿದ್ವಿ?”

ಅವಳು ಕೇಳಿದ್ದು ನಮಗಾಗಿ. ತನ್ನ ಊರಿನ ಗೇಟಿನ ಮಾತನ್ನು ಎತ್ತಲೇ ಇಲ್ಲ. ನಾನು ಕ್ಯಾಮೆರಾದ ಹಿಂದಿನಿಂದ, ನಿಮ್ಮದನ್ನೂ ಹೇಳು ಆಯಿ ಎಂದು ಸನ್ನೆ ಮಾಡಿದೆ. ಅವಳು ನೋಡಲಿಲ್ಲ.

ಆ ಮಾತು ಮೊಬೈಲುಗಳಲ್ಲೆಲ್ಲ ಹರಿದಾಡಿತು. ಮಂತ್ರಿಗಳ ಕಡೆಯಿಂದ ಫೋನು ಬಂತು, ನೀರು ಬಿಡುವ ಆದೇಶವೂ ಬಂತು. ಅಧ್ಯಕ್ಷರು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು. ಅವರ ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ.

ಮುಂದಿನ ವಾರವೇ ಸೇರ್ಪಡೆಯ ಸಭೆ ಕರೆದೆ. ಬಿಸಿ ಆರುವ ಮುನ್ನ ಆಗಿಬಿಡಲಿ ಎಂದು. ಗಿರಣಿಯವರಿಗೆ ಸಭೆಯ ಕೋಣೆಯ ಹೊರಗೆ ಕುರ್ಚಿ ಹಾಕಿಸಿದ್ದೆವು, ಏಕೆಂದರೆ ಅಭ್ಯರ್ಥಿಗಳು ಮತದಾನದ ಹೊತ್ತಿಗೆ ಒಳಗಿರಬಾರದೆಂಬುದು ನಮ್ಮ ಠರಾವು. ಮೂರು ಷರತ್ತುಗಳೂ ಪೂರೈಸಿವೆ ಎಂದು ವರದಿ ಓದಿದೆ. ಬಾಗೇವಾಡಿ ಒಪ್ಪಿಗೆ ಎಂದಿತು. ಅಧ್ಯಕ್ಷರು ಗೌಡರ ಮುಖ ನೋಡಿದರು.

“ನಮ್ಮ ಕಡೀ ಊರು ಒಪ್ಪವಲ್ವು,” ಎಂದರು ಗೌಡರು. “ನಾನೂ ಹೇಳಿ ನೋಡಿದೆ.”

“ಧರಣಿಗೆ ಕರೆದ್ರಲ್ರಿ!” ಎಂದೆ. ಧ್ವನಿ ಏರಿದ್ದು ನನಗೇ ಗೊತ್ತಾಯಿತು.

“ಬಂದ್ರು. ಉಪಕಾರ ಆತು. ಉಪಕಾರ ಬ್ಯಾರೆ, ಸದಸ್ಯತ್ವ ಬ್ಯಾರೆ, ತಂಗಿ.”

ಇಂಡಿ ಮತ್ತು ಸಿಂದಗಿ, ಒಮ್ಮತವಿಲ್ಲದ ಕಾರಣ ತಮ್ಮ ಅಭಿಪ್ರಾಯ ಕಾಯ್ದಿರಿಸಿವೆ ಎಂದು ಬರೆಯಲು ಹೇಳಿದವು. ಆಗ ಪ್ರಾಧ್ಯಾಪಕರು ಒಂದು ದಾರಿ ಹುಡುಕಿದರು: ಸಹ ಸದಸ್ಯತ್ವ. ಸಭೆಗೆ ಬಂದು ಕೂರಬಹುದು, ಧರಣಿಗೆ ಬರಬೇಕು, ಪಂಪು ಹಚ್ಚಬಾರದು, ಒಕ್ಕೂಟದ ಎಲ್ಲ ಠರಾವುಗಳಿಗೂ ಬದ್ಧರಾಗಿರಬೇಕು. ಮತ ಇಲ್ಲ. ಸರದಿಯಲ್ಲಿ ಹೆಸರಿಲ್ಲ, ಎಲ್ಲರದೂ ಮುಗಿದು ನೀರು ಉಳಿದರೆ ಕೊಡುವುದು. ಗೌಡರು ಒಪ್ಪಿದರು. ಎಲ್ಲರೂ ಒಪ್ಪಿದರು. ಹೊರಗೆ ಹೋಗಿ ಗಿರಣಿಯವರಿಗೆ ತಿಳಿಸುವ ಕೆಲಸ ನನಗೆ ಬಂತು.

ಅವರು ಪೂರ್ತಿ ಕೇಳಿ, “ನಾ ಒಬ್ಬಾವ ಹೇಳೂದಲ್ರಿ ಇದು. ಊರಾಗ ಬಂದು ನೀವ ಹೇಳ್ರಿ,” ಎಂದರು.

ಹೊರಡುವ ಮೊದಲು ಅಧ್ಯಕ್ಷರು ಫೋನು ಮಾಡಿದರು. “ಹೆಂಗರ ಮಾಡಿ ಒಪ್ಪಿಸು ಯವ್ವಾ. ಒಮ್ಮೆ ಒಳಗ ಬಂದ್ರ ಮುಂದ ತಾನ ಆಗ್ತೈತಿ ಅಂತ ಹೇಳು.” ನಾನೂ ಹಾಗೆಯೇ ಹೇಳಬೇಕೆಂದುಕೊಂಡು ಹೋದೆ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಸಿಕ್ಕರೆ ಆಯಿತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಶಾಲೆಯ ಮುಂದಿನ ಬಯಲಿನಲ್ಲಿ ಸಂಜೆಯ ಹೊತ್ತು ಊರು ಕೂಡಿತ್ತು. ನಾನು ಸಹ ಸದಸ್ಯತ್ವದ ಠರಾವನ್ನು ಓದಿ ವಿವರಿಸಿದೆ. ಯಾರೂ ಗದ್ದಲ ಮಾಡಲಿಲ್ಲ. ಉಳ್ಳಾಗಡ್ಡಿ ಒಣಗಿಸಿಕೊಂಡಿದ್ದ ಆ ಹೆಂಗಸು ಎದ್ದು ನಿಂತಳು.

“ಇದು ಎಷ್ಟ ದಿನಾ ರೀ? ಪೂರಾ ಸದಸ್ಯರು ಯಾವಾಗ ಮಾಡ್ತಾರ?”

“ಠರಾವಿನ್ಯಾಗ ದಿನಾ ಹಾಕಿಲ್ಲ.”

“ಠರಾವು ಬಿಡ್ರಿ. ನಿಮಗೇನು ಅನಸ್ತೈತಿ? ನೀವು ಒಳಗ ಇರೋರು.”

ಅಧ್ಯಕ್ಷರು ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಗಿರಣಿಯವರು ನನ್ನನ್ನೇ ನೋಡುತ್ತಿದ್ದರು. ಅವರ ತಮ್ಮನೂ ದೂರದಲ್ಲಿ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ.

“ಮಾಡಂಗಿಲ್ಲ ಅಂತ ಅನಸ್ತೈತಿ,” ಎಂದೆ. “ಇನ್ನೊಂದು ಷರತ್ತು ತಗೀತಾರ. ಅದು ಮುಗಿಸಿದ್ರ ಮತ್ತೊಂದು. ನೀವು ಧರಣಿಗೆ ಬೇಕು, ಪಟ್ಟಿಯೊಳಗ ಬ್ಯಾಡ.”

ಯಾವ ಕಕ್ಷಿದಾರರಿಗೂ ನಾನು ಅಷ್ಟು ಬಿಚ್ಚಿ ಹೇಳಿದವಳಲ್ಲ. ಹೇಳಿದ ಕೂಡಲೇ ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೆ ಧರಣಿಯಲ್ಲಿ ಟಿವಿಗೆ ಮಾತಾಡಿದ್ದ ಅಜ್ಜಿ, “ಮತ್ತ ಅರ್ಜಿ ತಿರುಗಿ ತಗೋರಿ. ಎಷ್ಟಂತ ಬಾಗಲಾ ಕಾಯೂದು?” ಎಂದಳು. ಕೈ ಎತ್ತಿಸಿದರು. ಬಹಳಷ್ಟು ಕೈಗಳು ಎದ್ದವು. ಗಿರಣಿಯವರು ಎತ್ತಲಿಲ್ಲ. ಆದರೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವ ಪತ್ರಕ್ಕೆ ಊರಿನ ಪರವಾಗಿ ಅವರೇ ಸಹಿ ಹಾಕಿದರು.

ಸುದ್ದಿ ನನಗಿಂತ ಮೊದಲೇ ಒಕ್ಕೂಟಕ್ಕೆ ಮುಟ್ಟಿತ್ತು. ನಾನು ಊರನ್ನು ಎತ್ತಿಕಟ್ಟಿದೆ ಎಂದು ಗೊಬ್ಬರದಂಗಡಿಯವರೇ ಮೊದಲು ಕೂಗಾಡಿದರು, ಅವರ ಅಧ್ಯಕ್ಷಗಿರಿಯ ಲೆಕ್ಕ ತಪ್ಪಿತ್ತಲ್ಲ. ಗೌಡರು ಕೂಗಾಡಲಿಲ್ಲ. “ತಾವಾಗೇ ಬ್ಯಾಡ ಅಂದ್ರು, ನಾವೇನು ಮಾಡೂದು?” ಎಂದು ನಡಾವಳಿಯಲ್ಲಿ ಬರೆಸಿದರು. ಆ ವಾಕ್ಯವನ್ನು ಬರೆದದ್ದು ನನ್ನ ಕೈ.

ಆದೇಶವಾದ ಆ ನೀರಿಗೆ ಸರದಿ ಪಟ್ಟಿ ಸಿದ್ಧವಾಗಬೇಕಿತ್ತು. ಟೈಪು ಮಾಡಿದ ಹಾಳೆ ನನ್ನ ಮುಂದೆ ಬಂದಾಗ ಪೆನ್ನು ತೆಗೆದೆ, ಮುಚ್ಚಿದೆ. ಆ ಅಜ್ಜಿ ಬಿಸಿಲಲ್ಲಿ ಕೂತು ತರಿಸಿದ ನೀರು ಅವಳ ಹೊಲದ ಬದುವಿಗೆ ಹಾಯ್ದು ಹೋಗುವುದಕ್ಕೆ ನಾನು ಸಹಿ ಹಾಕಲಾರೆ ಎಂದೆ. ಅಲ್ಲಿಯೇ ರಾಜೀನಾಮೆ ಬರೆದುಕೊಟ್ಟೆ. ಅಧ್ಯಕ್ಷರು ಬಹಳ ಬೇಡಿಕೊಂಡರು. ಅರ್ಧ ಗಂಟೆಯಲ್ಲಿ ಗೌಡರ ಕಡೆಯ ಒಬ್ಬ ಪದವೀಧರನನ್ನು ಹಂಗಾಮಿ ಕಾರ್ಯದರ್ಶಿ ಮಾಡಿ ಅವನಿಂದ ಸಹಿ ಹಾಕಿಸಿಕೊಂಡರು. ನೀರು ಹೊತ್ತಿಗೆ ಸರಿಯಾಗಿ ಹೊರಟಿತು.

ಆಮೇಲೆ ಆ ಊರಿನ ಪರವಾಗಿ ನಾನೇ ಇಲಾಖೆಗೆ ಅರ್ಜಿ ಬರೆದೆ. ಸ್ವಂತ ಸಂಘ ಇದೆ, ಜಮೀನು ಅಚ್ಚುಕಟ್ಟಿನಲ್ಲಿದೆ, ನೇರವಾಗಿ ಸರದಿ ಕೊಡಿ ಎಂದು. ಉತ್ತರ ಎರಡೇ ಸಾಲು. ಸದರಿ ಕೋರಿಕೆಯನ್ನು ಒಕ್ಕೂಟದ ಮೂಲಕ ಸಲ್ಲಿಸತಕ್ಕದ್ದು.

ಆ ಉತ್ತರವನ್ನು ಹಿಡಿದುಕೊಂಡು ಗಿರಣಿಗೆ ಹೋದೆ. ಜೋಳದ ಚೀಲಗಳ ನಡುವೆ ಸ್ಟೂಲು ಎಳೆದು ಕೂರಿಸಿದರು, ಚಾ ತರಿಸಿದರು. ಕಾಗದ ಓದಿ ಮಡಚಿ ಹಿಂದಕ್ಕೆ ಕೊಟ್ಟರು. ಹೈಕೋರ್ಟಿಗೆ ಹೋಗೋಣ, ನಾನು ಫೀಸು ತಗೊಳ್ಳೋದಿಲ್ಲ ಎಂದೆ. ಹೂಂ ಎಂದರು. ರಾಜೀನಾಮೆ ಕೊಟ್ಟದ್ದನ್ನೂ ಹೇಳಿದೆ. ಅವರಿಗೆ ಗೊತ್ತಿತ್ತು.

“ಯಾಕ ಕೊಟ್ರಿ ಅಕ್ಕಾರ?”

“ಆ ಪಟ್ಟಿಗೆ ನಾ ಹೆಂಗ ಸಹಿ ಹಾಕ್ಲಿ ಅಣ್ಣಾರ?”

ಅವರು ಮೀಸೆಗೆ ಹತ್ತಿದ ಹಿಟ್ಟನ್ನು ಕೈಯಿಂದ ಒರೆಸಿಕೊಂಡರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ಹಾಕ್ಲಿಲ್ಲಂದ್ರ ಮತ್ತೊಬ್ಬಾವ ಹಾಕಿದ. ನೀರೇನು ನಿಂತಿಲ್ರಿ. ಆ ದಿನಾ ಊರಾಗ ಖರೇ ಹೇಳಿದ್ರಿ, ಮಂದಿ ಸಿಟ್ಟಿಗೆದ್ದು ಕೈ ಎತ್ತಿದ್ರು. ನಾ ಎತ್ತಲಿಲ್ಲ. ಯಾಕಂದ್ರ ಅಲ್ಲಿ ನಮ್ಮ ಹೆಸರು ಹೇಳಾಕ ನೀವೊಬ್ರ ಇದ್ರಿ. ಈಗ ನೀವೂ ಹೊರಗ ಬಂದ್ರಿ. ನಿಮಗ ಮನಸ್ಸು ಹಗುರಾಗಿರಬೇಕು.”

ಇಲ್ಲ ಎಂದೆ. ಆದರೆ ಅಷ್ಟರಲ್ಲಿ ಒಬ್ಬಳು ಜೋಳದ ಬುಟ್ಟಿ ತಂದು ಇಳಿಸಿದ್ದಳು. ಅವರು ಎದ್ದು ಹೋಗಿ ಗಿರಣಿ ಚಾಲೂ ಮಾಡಿದರು.